ಬೇರೆ ಒಲೆ ಹೂಡುವ ಮುನ್ನ

"ಮೇಡಂ, ಅದು ಟೆಕ್ನಿಕಲ್ ವಿಷಯ. ನಿಮಗೆ ಹೇಳಿದರೂ ಅರ್ಥವಾಗುವುದಿಲ್ಲ."

ಈ ಮಾತನ್ನು ನನಗೆ ಹೇಳಿದ ಹುಡುಗನಿಗೆ ದನಿಯ ಮೇಲೆ ಲೆಕ್ಕ ಹಾಕಿದರೆ ಇಪ್ಪತ್ತೈದರ ಮೇಲಿರಲಾರದು. ಫೋನಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. 28 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಅರ್ಥವಾಗುವುದಿಲ್ಲ ಎನ್ನುವ ಮಕ್ಕಳಿಗೆ ಅರ್ಥ ಮಾಡಿಸುವುದೇ ನನ್ನ ಕಸುಬು. ಒಂದು ವಿಷಯ ಕೇಳುವವರಿಗೆ ಅರ್ಥವಾಗಲಿಲ್ಲವೆಂದರೆ ಹೇಳುವವರಿಗೇ ಅದು ಪೂರ್ತಿ ತಿಳಿದಿಲ್ಲವೆಂದು ಬಿ.ಎಡ್. ಓದುವಾಗ ನಮಗೆ ಕಲಿಸಿದ್ದರು. ಆದರೆ ಆ ರಾತ್ರಿ ವಾದ ಮಾಡುವ ಹೊತ್ತಾಗಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತಿತ್ತು.

ನಡೆದದ್ದು ಇಷ್ಟು. ನಮ್ಮ ಶಾಲೆಯ ಹತ್ತನೇ ಇಯತ್ತೆಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ. ಅವಳ ಅಪ್ಪ ಅಡಿಕೆ ಕೊನೆ ಇಳಿಸುವ ಕೆಲಸದವನು, ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಹೆಸರು, ವಿಳಾಸ, ಅಂಕ, ಬ್ಯಾಂಕ್ ಖಾತೆ ಎಲ್ಲ ಬರೆದು, ಕೊನೆಗೆ ಜಾತಿ ಪ್ರಮಾಣಪತ್ರದ ಸಂಖ್ಯೆ ಹಾಕಬೇಕು. ಆ ಸಂಖ್ಯೆ ಸರಿಯೋ ಅಲ್ಲವೋ ಎಂದು ಇನ್ನೊಂದು ಇಲಾಖೆಯ ಕಂಪ್ಯೂಟರು ಹೇಳಬೇಕು. ಆ ದಿನ ಆ ಇನ್ನೊಂದು ಕಂಪ್ಯೂಟರು ಮಾತಾಡಲಿಲ್ಲ. ಅದು ಮಾತಾಡಲಿಲ್ಲವೆಂದು ಇದೂ ಮೂಕವಾಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ಆಮೇಲೆ ಎಲ್ಲವೂ ಬಿಳಿಯಾಯಿತು. ತುಂಬಿದ್ದೆಲ್ಲ ಅಳಿಸಿಹೋಯಿತು. ಮತ್ತೆ ಮೊದಲಿಂದ ತುಂಬಬೇಕಾಯಿತು. ಹೀಗೆ ಏಳು ಸಲ.

ಸಹಾಯವಾಣಿಗೆ ಫೋನು ಮಾಡಿದರೆ, "ಪ್ರಮಾಣಪತ್ರದ ಭಾಗ ನಮ್ಮದಲ್ಲ ಮೇಡಂ" ಎಂದರು. ಪ್ರಮಾಣಪತ್ರದವರಿಗೆ ಮಾಡಿದರೆ, "ನಮ್ಮ ಸರ್ವರ್ ಸರಿಯಾಗೇ ಇದೆ, ಅರ್ಜಿಯವರನ್ನು ಕೇಳಿ" ಎಂದರು. ಮೂರನೆಯವನು ಹೇಳಿದ ಮಾತು ಮೇಲೆ ಬರೆದಿದ್ದೇನೆ. ಹನ್ನೆರಡು ಹೊಡೆಯಿತು. ಹುಡುಗಿಯ ಅವ್ವ ಜಗಲಿಯ ಮೇಲೆ ಕೂತಿದ್ದವಳು ಎದ್ದು, "ಹೋಗ್ಲಿ ಬಿಡ್ರಿ ಅಕ್ಕೋರೆ, ನೀವರ ಏನ್ ಮಾಡ್ತೀರಿ" ಎಂದು ನನಗೇ ಸಮಾಧಾನ ಹೇಳಿ ಹೋದಳು. ಆ ಸಮಾಧಾನ ನನ್ನನ್ನು ಸುಟ್ಟಿತು.

ಅಂದೇ ನಿಶ್ಚಯಿಸಿದೆ, ಈ 'ಟೆಕ್ನಿಕಲ್' ಎನ್ನುವುದು ಏನೆಂದು ತಿಳಿದೇ ಬಿಡುವುದು ಎಂದು.

ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ರಜಕ್ಕೆ ಬಂದಾಗ ಕೂರಿಸಿಕೊಂಡು ಕೇಳಿದೆ. ಮೊದಲು ಅವಳೂ, "ಅಮ್ಮಾ, ನಿನಗ್ಯಾಕೆ ಅದೆಲ್ಲ" ಎಂದಳು. "ಅ ಆ ಇ ಈ ನಿನಗೆ ಕಲಿಸುವಾಗ ನಾನು ಹಾಗೆ ಹೇಳಿದ್ದೆನೇನೇ?" ಎಂದ ಮೇಲೆ ಬಾಯಿ ಬಿಟ್ಟಳು.

ಸರ್ವರ್ ಎಂದರೆ ದೊಡ್ಡ ಯಂತ್ರವೇನಲ್ಲವಂತೆ. ಯಾರಾದರೂ ಬಂದು ಕೇಳಲಿ ಎಂದು ಕಾದು ಕೂತಿರುವ, ಕೇಳಿದ್ದಕ್ಕೆ ಉತ್ತರ ಕೊಡುವ ಪ್ರೋಗ್ರಾಂ ಅದು. ಹಿಂದೆ ಇಂಥ ಪ್ರೋಗ್ರಾಮನ್ನು ಒಂದೇ ದೊಡ್ಡ ಮುದ್ದೆಯಾಗಿ ಬರೆಯುತ್ತಿದ್ದರು. ಒಂದು ಮೂಲೆಯಲ್ಲಿ ತಪ್ಪಾದರೆ ಪೂರ್ತಿ ಮುದ್ದೆಯೇ ಕುಸಿಯುತ್ತಿತ್ತು. ಈಗ ಅದನ್ನು ಸಣ್ಣ ಸಣ್ಣ ಸರ್ವರುಗಳಾಗಿ ಒಡೆಯುತ್ತಾರೆ. ಒಂದೊಂದಕ್ಕೂ ಒಂದೇ ಕೆಲಸ, ಒಂದೊಂದಕ್ಕೂ ತನ್ನದೇ ದಾಸ್ತಾನು. ತಮ್ಮತಮ್ಮೊಳಗೆ ಸಂದೇಶ ಕಳಿಸಿಕೊಂಡು ಅವು ಕೆಲಸ ನಡೆಸುತ್ತವೆ. ಇದಕ್ಕೆ ಮೈಕ್ರೋಸರ್ವಿಸ್ ಎಂದು ಹೆಸರು. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಎಂಬಿಬ್ಬರು ಈ ಬಗ್ಗೆ ಬರೆದ ಲೇಖನದ ನಂತರ ಈ ಹೆಸರು ಎಲ್ಲರ ಬಾಯಿಗೆ ಬಂತಂತೆ.

ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. "ಇದನ್ನು ನಿನ್ನ ಅಜ್ಜಿಗೆ ಹೇಳಿದ್ದರೆ, 'ಇದೇನೇ, ನಮ್ಮನೆ ಹಿಸ್ಸೆ ಕತೆ' ಎನ್ನುತ್ತಿದ್ದರು" ಎಂದೆ.

ನಾನು ಮದುವೆಯಾಗಿ ಹೋದಾಗ ಆ ಮನೆಯಲ್ಲಿ ಹದಿನೆಂಟು ಜನ, ಒಂದೇ ಒಲೆ. ಅತ್ತೆಗೆ ಜ್ವರ ಬಂದರೆ ಹದಿನೆಂಟು ಜನಕ್ಕೂ ಊಟ ತಡ. ಉಗ್ರಾಣದ ಬೀಗದ ಕೈ ಕಳೆದರೆ ಎಲ್ಲರಿಗೂ ಗಂಜಿಯೇ ಗತಿ. ಕೊನೆಗೆ ಹಿಸ್ಸೆಯಾಯಿತು. ಮೂರು ಒಲೆಯಾಯಿತು. ಒಬ್ಬರ ಮನೆಯಲ್ಲಿ ಹಾಲು ಒಡೆದರೆ ಇನ್ನೊಬ್ಬರ ಮನೆಯ ಚಹಾ ನಿಲ್ಲಲಿಲ್ಲ. ಅದು ಲಾಭವೇ, ಇಲ್ಲವೆನ್ನಲಾರೆ. ಆದರೆ ಹೆಪ್ಪಿಗೆ ಮಜ್ಜಿಗೆ ಬೇಕಾದರೆ ಮೊದಲು ಕೈಚಾಚಿದರೆ ಸಿಗುತ್ತಿದ್ದದ್ದಕ್ಕೆ ಈಗ ಅಂಗಳ ದಾಟಿ ಹೋಗಬೇಕು. ಹೋದಾಗ ಅವರ ಮನೆ ಬಾಗಿಲು ಹಾಕಿರಬಹುದು. ಹುಡುಗನನ್ನು ಕಳಿಸಿದರೆ ಅವನು ದಾರಿಯಲ್ಲಿ ಗೋಲಿ ಆಡುತ್ತ ನಿಲ್ಲಬಹುದು. ಎಷ್ಟು ಹೊತ್ತು ಕಾಯುವುದು? ಇನ್ನೊಬ್ಬನನ್ನು ಕಳಿಸುವುದೇ? ಕಳಿಸಿದರೆ ಇಬ್ಬರೂ ಒಂದೊಂದು ಲೋಟ ತಂದರೆ?

"ಅಮ್ಮಾ! ನಮ್ಮ ಆಫೀಸಿನಲ್ಲಿ ದಿನಾ ಇದೇ ಜಗಳ" ಎಂದು ಮಗಳು ಕಣ್ಣರಳಿಸಿದಳು. ಒಂದೇ ಪ್ರೋಗ್ರಾಮಿನೊಳಗೆ ಒಂದು ಭಾಗ ಇನ್ನೊಂದನ್ನು ಕರೆದರೆ ಆ ಕರೆ ದಾರಿಯಲ್ಲಿ ಕಳೆದುಹೋಗುವುದಿಲ್ಲ. ಎರಡು ಸರ್ವರುಗಳ ನಡುವೆ ತಂತಿ ಬಂತೆಂದರೆ ಕಳೆಯಬಹುದು, ತಡವಾಗಬಹುದು, ಎರಡು ಸಲ ತಲುಪಬಹುದು. ಆದ್ದರಿಂದ ಎಷ್ಟು ಹೊತ್ತು ಕಾಯಬೇಕೆಂದು ಗಡುವು ಇಡಬೇಕು. ಎರಡನೇ ಸಲ ಬಂದ ಅದೇ ಅರ್ಜಿಯನ್ನು ಹೊಸದೆಂದು ಎಣಿಸದ ಹಾಗೆ ನೋಡಿಕೊಳ್ಳಬೇಕು. ಆಚೆಯದು ಪದೇಪದೇ ಸೋಲುತ್ತಿದ್ದರೆ ಮನೆಯ ಫ್ಯೂಸು ಹೋಗುವ ಹಾಗೆ ತಾನೇ ಸಂಪರ್ಕ ಕಡಿದುಕೊಂಡು, ಉಳಿದ ಕೆಲಸ ನಡೆಸಬೇಕು. ಇಷ್ಟನ್ನೂ ಮಾಡದೆ ಬರೀ ಒಡೆದರೆ ಹಿಸ್ಸೆಯ ಕಷ್ಟ ಮಾತ್ರ ಬರುತ್ತದೆ, ಸುಖ ಬರುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಒಲೆ ಮೂರಾಯಿತು, ಬಾವಿ ಮಾತ್ರ ಒಂದೇ ಉಳಿಯಿತು. ಬಾವಿಯ ಹಗ್ಗ ಹರಿದ ದಿನ ಮೂರು ಒಲೆಯೂ ಹೊತ್ತಲಿಲ್ಲ. ಹಗ್ಗ ಯಾರು ತರಬೇಕೆಂಬ ಜಗಳ ಮಾತ್ರ ಹೊಸದು. ಹಿಸ್ಸೆಗೆ ಮುಂಚೆ ಮಾವನವರು ಯಾರನ್ನೂ ಕೇಳದೆ ತಂದು ಕಟ್ಟುತ್ತಿದ್ದರು.

ಈಗ ನನ್ನ ಹುಡುಗಿಯ ಅರ್ಜಿಗೆ ಬನ್ನಿ. ಅಲ್ಲಿ ಎರಡು ಇಲಾಖೆ, ಎರಡು ಸರ್ವರು, ಎರಡು ಫೋನ್ ನಂಬರು. ನೋಡಲು ಎಲ್ಲ ಬೇರೆ ಬೇರೆ. ಆದರೆ ಒಂದು ಸತ್ತರೆ ಇನ್ನೊಂದೂ ಸತ್ತಿತು. ಒಡೆದದ್ದು ಕೆಲಸವನ್ನಲ್ಲ, ಹೊಣೆಯನ್ನು. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ.

ಪರಿಹಾರ ಕಷ್ಟದ್ದೇ? ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಪತ್ರ ಕೊಡಿ. ಪತ್ರ ದೆಹಲಿ ತಲುಪುವವರೆಗೂ ನಿಮ್ಮನ್ನು ಕಿಟಕಿಯಲ್ಲಿ ನಿಲ್ಲಿಸಿಕೊಳ್ಳುತ್ತಾರೆಯೇ? ಪತ್ರ ತೆಗೆದುಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ, ವಿಂಗಡಿಸುವುದು, ಕಳಿಸುವುದು ಆಮೇಲೆ. ಹಾಗೆಯೇ ಅರ್ಜಿಯನ್ನು ಮೊದಲು ತೆಗೆದಿಟ್ಟುಕೊಂಡು, ಒಂದು ನಂಬರು ಕೊಟ್ಟು, ಪ್ರಮಾಣಪತ್ರದ ತಾಳೆಯನ್ನು ಸಾಲಿನಲ್ಲಿಟ್ಟು ನಾಳೆಯೋ ನಾಡಿದ್ದೋ ನೋಡಬಹುದಿತ್ತು. ಇದು ಹೊಸ ಶೋಧವೇನಲ್ಲ, ಬೇಕಾದಷ್ಟು ಕಡೆ ಹೀಗೇ ಮಾಡುತ್ತಾರೆ ಎಂದು ಮಗಳು ಹೇಳಿದಳು. ಹಾಗಾದರೆ ಅಲ್ಲಿ ಏಕೆ ಮಾಡಲಿಲ್ಲ? ಮಾಡಿದವರು ಯಾರೂ ರಾತ್ರಿ ಹನ್ನೊಂದೂವರೆಗೆ ಬೇರೆಯವರ ಮಗಳ ಅರ್ಜಿ ತುಂಬಿದವರಲ್ಲ. ಅದಕ್ಕೆ.

ಒಂದೇ ಮುದ್ದೆಯಲ್ಲಿ ಅಪಾಯವಿದೆ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿಯು 2008ರ ಆಗಸ್ಟಿನಲ್ಲಿ ದತ್ತಾಂಶದ ಕೋಶ ಕೆಟ್ಟು, ಮೂರು ದಿನ ಗಿರಾಕಿಗಳಿಗೆ ಡಿವಿಡಿ ಕಳಿಸಲಾಗದೆ ಕೂತಿತ್ತು. ಆ ಪೆಟ್ಟು ತಿಂದ ಮೇಲೆ ಅದು ತನ್ನ ವ್ಯವಸ್ಥೆಯನ್ನು ಒಡೆದು ಕಟ್ಟಲು ಹೊರಟು, ಆ ಸ್ಥಳಾಂತರವನ್ನು ಮುಗಿಸಿದ್ದು 2016ರ ಜನವರಿಯಲ್ಲಿ. ಏಳು ವರ್ಷಕ್ಕೂ ಮೇಲೆ! ಆ ಕತೆಯನ್ನು ಕೇಳಿದ ಎಲ್ಲರಿಗೂ ತಾವೂ ನೆಟ್‌ಫ್ಲಿಕ್ಸ್ ಎಂಬ ಭ್ರಮೆ ಹಿಡಿಯಿತು. ನಾಲ್ಕು ಜನ ಕೆಲಸ ಮಾಡುವ ಕಂಪನಿಯಲ್ಲಿ ನಲವತ್ತು ಸರ್ವಿಸು. ಪಕ್ಕದ ಮನೆಯಲ್ಲಿ ಮಾಡ್ಯುಲರ್ ಕಿಚನ್ ಹಾಕಿಸಿದರೆಂದು ನಾವೂ ಸಾಲ ಮಾಡಿ ಹಾಕಿಸುವುದಿಲ್ಲವೇ, ಹಾಗೆ.

ಅಮೆಜಾನಿನ ಪ್ರೈಮ್ ವಿಡಿಯೋದಲ್ಲಿ ಚಿತ್ರದ ಗುಣಮಟ್ಟ ನೋಡಿಕೊಳ್ಳುವ ಒಂದು ತಂಡ ಇದರ ಉಲ್ಟಾ ದಾರಿ ಹಿಡಿಯಿತು. ತಾನು ತುಂಡುತುಂಡಾಗಿ ಕಟ್ಟಿದ್ದ ಪರೀಕ್ಷೆಯ ಸಾಧನವನ್ನು ಮತ್ತೆ ಒಂದೇ ಪ್ರೋಗ್ರಾಮಿನೊಳಗೆ ಸೇರಿಸಿತು. ಖರ್ಚು ನೂರಕ್ಕೆ 90ಕ್ಕಿಂತ ಹೆಚ್ಚು ಇಳಿಯಿತೆಂದು 2023ರಲ್ಲಿ ತಾನೇ ಬರೆದುಕೊಂಡಿತು. ಅದು ಒಂದು ತಂಡದ ಒಂದು ಸಾಧನದ ಮಾತು, ಇಡೀ ಕಂಪನಿಯದಲ್ಲ. ಆದರೂ ಮಾತು ಮಾತೇ. ತುಂಡು ಮಾಡುವುದನ್ನು ನಮಗೆ ಕಲಿಸಿದವರ ಮನೆಯಲ್ಲೇ ಒಲೆಗಳು ಮತ್ತೆ ಕೂಡಿದವು. ಮೈಕ್ರೋಸರ್ವಿಸ್ ಹೆಸರನ್ನು ಹಬ್ಬಿಸಿದ ಫೌಲರ್ ಅವರೇ 2015ರಲ್ಲಿ, ಮೊದಲು ಒಂದಾಗಿಯೇ ಕಟ್ಟಿ, ಅಗತ್ಯ ಕಂಡ ಮೇಲೆ ಒಡೆಯಿರಿ ಎಂದು ಬರೆದರು. ಮೊದಲ ಲೇಖನ ಓದಿದವರು ಎರಡನೆಯದನ್ನೂ ಓದಬೇಕಿತ್ತು.

ಇದರ ಬೆಲೆ ತೆರುವವರು ಯಾರು? ನನ್ನ ಮಗಳಂಥವರು. ರಜಕ್ಕೆ ಬಂದವಳ ಫೋನು ರಾತ್ರಿ ಎರಡೂವರೆಗೆ ಕೂಗುತ್ತದೆ. ಎದ್ದು ಕೂತು, ಯಾವ ಸರ್ವಿಸು ಯಾವುದನ್ನು ಕರೆದು ಯಾವುದರಲ್ಲಿ ಸಿಕ್ಕಿಕೊಂಡಿದೆ ಎಂದು ನೂಲು ಹಿಡಿದು ಹುಡುಕುತ್ತಾಳೆ. ಇವಳ ತಂಡದಲ್ಲಿ ಐವರು, ನೋಡಿಕೊಳ್ಳಬೇಕಾದ ಸರ್ವಿಸು ಮೂವತ್ತಕ್ಕೂ ಮೇಲೆ. ಹೆತ್ತವಳಿಗೆ ಹೇಗಿರುತ್ತದೆ ನೀವೇ ಹೇಳಿ. ಬೆಳಿಗ್ಗೆ ಅವಳ ಕಣ್ಣು ನೋಡಿ ನಾನು ಕೇಳಿದೆ, "ಇಷ್ಟೆಲ್ಲ ಒಡೆಯಲೇಬೇಕಿತ್ತೇನೇ?" ಅವಳು ಸುಮ್ಮನಿದ್ದಳು. ಆಮೇಲೆ, "ಮೇಲಿನವರಿಗೆ ಹಾಗೆ ಬೇಕಿತ್ತಮ್ಮ" ಎಂದಳು.

ಆ ರಜದಲ್ಲೇ ನಾನೊಂದು ಹಟ ಹಿಡಿದೆ. ನಮ್ಮ ಶಾಲೆಯಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರಿದೆ. ಮಕ್ಕಳ ಪಟ್ಟಿ, ಗ್ರಂಥಾಲಯದ ಪುಸ್ತಕ, ಯಾವ ಮಗುವಿನ ಯಾವ ಅರ್ಜಿಗೆ ಕೊನೆಯ ದಿನ ಯಾವುದು ಎನ್ನುವುದು, ಈ ಮೂರನ್ನು ನೋಡಿಕೊಳ್ಳುವ ಪ್ರೋಗ್ರಾಂ ಬೇಕು. ನೀನು ಹೇಳಿಕೊಡು, ನಾನು ಕುಟ್ಟುತ್ತೇನೆ ಎಂದೆ.

ಅವಳು ಆರಿಸಿದ್ದು ಫ್ಲಾಸ್ಕ್ ಎಂಬ ಸಲಕರಣೆ. ಪೈಥಾನ್ ಭಾಷೆಯಲ್ಲಿ ಸರ್ವರು ಬರೆಯುವುದಕ್ಕೆ ಬಳಸುವಂಥದ್ದು. ಇದರ ಹುಟ್ಟಿನ ಕತೆಯೂ ಚೆನ್ನಾಗಿದೆ. ಆಸ್ಟ್ರಿಯಾದ ಆರ್ಮಿನ್ ರೊನಾಕರ್ ಎಂಬ ತರುಣ 2010ರ ಏಪ್ರಿಲ್ ಒಂದರಂದು ಜನರನ್ನು ಮೂರ್ಖರನ್ನಾಗಿಸಲು, ಒಂದೇ ಕಡತದಲ್ಲಿ ಎಲ್ಲ ತುರುಕಿದ ಹುಸಿ ಸಲಕರಣೆಯೊಂದನ್ನು ಬಿಟ್ಟನಂತೆ. ಜನ ಅದನ್ನು ನಿಜವೆಂದೇ ನಂಬಿ ಮೆಚ್ಚಿದರು. ಸರಳವಾದದ್ದಕ್ಕೆ ಜನ ಎಷ್ಟು ಹಸಿದಿದ್ದರು ನೋಡಿ! ಅದೇ ವರ್ಷ ನಿಜವಾದ ಫ್ಲಾಸ್ಕ್ ಬಂತು. ಅದು ನಿಂತಿರುವುದು ವೆರ್ಕ್‌ಟ್ಸೊಯ್ಗ್ ಎಂಬ ಇನ್ನೊಂದು ಪುಟ್ಟ ಸಲಕರಣೆಯ ಮೇಲೆ. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ಅರ್ಥವೇ 'ಸಲಕರಣೆ'.

ಮೊದಲ ಸರ್ವರನ್ನು ನಾನು ಬರೆದದ್ದು 5 ಸಾಲಿನಲ್ಲಿ. ಫ್ಲಾಸ್ಕನ್ನು ಕರೆಯುವುದು ಒಂದು ಸಾಲು, ಅದಕ್ಕೊಂದು ಹೆಸರಿಡುವುದು ಇನ್ನೊಂದು. ಯಾವ ವಿಳಾಸ ಕೇಳಿದರೆ ಯಾರು ಉತ್ತರಿಸಬೇಕೆಂದು ಹೇಳುವುದು ಮೂರನೆಯದು. ಉಳಿದೆರಡರಲ್ಲಿ ಉತ್ತರ. ಚಾಲೂ ಮಾಡಿ ಬ್ರೌಸರಿನಲ್ಲಿ ವಿಳಾಸ ಹೊಡೆದರೆ 'ನಮಸ್ಕಾರ' ಎಂದು ಬಂತು. ಕನ್ನಡದಲ್ಲೇ ಬಂತು! ಐವತ್ತಾರನೇ ವಯಸ್ಸಿನಲ್ಲಿ ನಾನು ಚಪ್ಪಾಳೆ ತಟ್ಟಿಕೊಂಡದ್ದನ್ನು ನೋಡಿ ಯಜಮಾನರು ಪೇಪರು ಕೆಳಗಿಟ್ಟರು.

ಆಮೇಲೆ ಮಗಳು ಅಭ್ಯಾಸಬಲದಿಂದ, "ಮೂರಕ್ಕೂ ಮೂರು ಸರ್ವಿಸು ಮಾಡೋಣ" ಎಂದಳು. ನಾನು ಬಿಡಲಿಲ್ಲ. ಒಂದು ಶಾಲೆ, ಒಂದು ಕಂಪ್ಯೂಟರು, ನೋಡಿಕೊಳ್ಳುವವಳು ನಾನೊಬ್ಬಳು. ಮೂರು ಬಾಗಿಲು ಏಕೆ? ಆಗ ಅವಳು ಬ್ಲೂಪ್ರಿಂಟ್ ಎಂಬುದನ್ನು ತೋರಿಸಿದಳು. ಫ್ಲಾಸ್ಕಿನಲ್ಲಿ 2011ರಿಂದ ಇರುವ ಸೌಲಭ್ಯ. ಮನೆ ಒಂದೇ, ಒಳಗೆ ಕೋಣೆ ಬೇರೆ. ಪಟ್ಟಿಯದೊಂದು ಕೋಣೆ, ಪುಸ್ತಕದ್ದೊಂದು, ಅರ್ಜಿಯದೊಂದು. ಪ್ರತಿ ಕೋಣೆಗೂ ತನ್ನ ವಿಳಾಸ, ತನ್ನ ಕಡತ. ನಾಳೆ ಪುಸ್ತಕದ ಕೋಣೆ ತೀರಾ ದೊಡ್ಡದಾದರೆ ಅದನ್ನಷ್ಟೇ ಕಳಚಿ ಬೇರೆ ಮನೆ ಮಾಡಬಹುದು. ಅಲ್ಲಿಯವರೆಗೆ ಮಜ್ಜಿಗೆಗೆ ಅಂಗಳ ದಾಟಬೇಕಿಲ್ಲ. ದಾಸ್ತಾನಿಗೆ ಎಸ್‌ಕ್ಯೂಲೈಟ್ ಎಂಬ ಒಂದೇ ಕಡತ ಸಾಕಾಯಿತು. ಅದರ ಪ್ರತಿಯನ್ನು ದಿನಾ ಸಂಜೆ ಪೆನ್ ಡ್ರೈವಿಗೆ ಹಾಕಿಕೊಂಡು ಪರ್ಸಿನಲ್ಲಿಟ್ಟುಕೊಳ್ಳುತ್ತೇನೆ. ಫ್ಲಾಸ್ಕಿನ ಜೊತೆಗೆ ಬರುವ ಸರ್ವರು ಕಲಿಯುವುದಕ್ಕಷ್ಟೇ, ಅದನ್ನೇ ಊರಿಗೆಲ್ಲ ತೆರೆದಿಡಬೇಡಿ ಎಂದು ಅದರ ಕೈಪಿಡಿಯಲ್ಲೇ ಬರೆದಿದೆ. ಆದ್ದರಿಂದ ನಿತ್ಯದ ಕೆಲಸಕ್ಕೆ ಮಗಳು ಬೇರೊಂದು ಗಟ್ಟಿ ಸರ್ವರನ್ನು ಜೋಡಿಸಿ ಹೋದಳು. ಹಗುರ ಸಲಕರಣೆಯ ಗುಣವೇ ಅದು. ತನಗೆ ತಿಳಿಯದ್ದನ್ನು ತಿಳಿದಿದೆ ಎನ್ನುವುದಿಲ್ಲ.

ಹೇಗೆ ಒಡೆಯಬೇಕು ಎಂಬುದಕ್ಕೂ ಬಲ್ಲವರು ಎಂದೋ ಹೇಳಿಟ್ಟಿದ್ದಾರೆ. ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು 1972ರಲ್ಲೇ ಬರೆದರು: ಕೆಲಸದ ಹಂತಗಳ ಪ್ರಕಾರ ಒಡೆಯಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಭಾಗದೊಳಗೆ ಗುಟ್ಟಾಗಿಡಿ ಎಂದು. ಅಡಿಗೆಯವಳಿಗೆ ಹುಣಿಸೆಹಣ್ಣು ಬೇಕು. ಅದು ಯಾವ ಭರಣಿಯಲ್ಲಿದೆ ಎಂಬುದು ಉಗ್ರಾಣದವಳ ಗುಟ್ಟು. ಭರಣಿ ಬದಲಾದರೆ ಅಡಿಗೆ ನಿಲ್ಲಬಾರದು. ಇಂಥ ವಿಚಾರವನ್ನು ಭಾಷೆಯೊಳಕ್ಕೇ ತಂದವರಲ್ಲಿ ಪ್ರಮುಖರು ಒಬ್ಬ ಹೆಂಗಸು, ಬಾರ್ಬರಾ ಲಿಸ್ಕೋವ್. ಅವರಿಗೆ 2008ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇದು ನಮಗೆ ಅರ್ಥವಾಗದ ವಿಷಯವೆಂದು ನನಗೆ ಫೋನಿನಲ್ಲಿ ಹೇಳಿದ ಹುಡುಗನಿಗೆ ಈ ಹೆಸರು ಗೊತ್ತಿದೆಯೋ ಇಲ್ಲವೋ.

ಮೆಲ್ವಿನ್ ಕಾನ್ವೇ ಎಂಬವರು 1968ರಲ್ಲಿ ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಯಾವ ಸಂಸ್ಥೆಯಾಗಲಿ, ತನ್ನೊಳಗೆ ಯಾರು ಯಾರೊಡನೆ ಮಾತಾಡುತ್ತಾರೋ ಅದೇ ಆಕಾರದ ವ್ಯವಸ್ಥೆಯನ್ನೇ ಕಟ್ಟುತ್ತದೆ ಎಂಬುದು ಅದರ ಸಾರ. ಎಷ್ಟು ನಿಜ! ಎರಡು ಇಲಾಖೆಯವರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ಅವರ ಸರ್ವರುಗಳು ಹೇಗೆ ಮಾತಾಡಿಯಾವು? ಅವರಿಬ್ಬರ ನಡುವೆ ಬಿದ್ದದ್ದು ನನ್ನ ಹುಡುಗಿಯ ಒಂದು ವರ್ಷದ ಪುಸ್ತಕ, ಬಸ್ ಪಾಸು, ಚಪ್ಪಲಿ.

"ನಿಮ್ಮ ಶಾಲೆಯ ಆಟದ ಸಾಮಾನನ್ನು ಕೋಟಿ ಜನರ ವ್ಯವಸ್ಥೆಗೆ ಹೋಲಿಸುತ್ತೀರಾ?" ಎಂದು ನನ್ನನ್ನು ಕೇಳಬಹುದು. ಹೋಲಿಸುವುದಿಲ್ಲ. ಕೋಟಿ ಜನಕ್ಕೆ ಒಂದು ಒಲೆ ಸಾಲದು ಎಂಬುದು ನನಗೂ ಗೊತ್ತು. ಅಲ್ಲಿ ಒಡೆಯಲೇಬೇಕು. ನಾನು ಕೇಳುವುದು ಮೂರೇ. ಒಡೆದ ತುಂಡು ಒಂದು ಸತ್ತರೆ ಉಳಿದವು ಬದುಕಿರಬೇಕು. ಇಲ್ಲವಾದರೆ ಒಡೆದದ್ದು ವ್ಯರ್ಥ. ತುಂಡು ಎಷ್ಟಾದರೂ ಇರಲಿ, ಹೊರಗಿನಿಂದ ಬಂದವಳಿಗೆ ಉತ್ತರ ಕೊಡುವ ಬಾಗಿಲು ಒಂದೇ ಇರಬೇಕು. 'ಅದು ನಮ್ಮ ಭಾಗವಲ್ಲ' ಎಂಬ ಮಾತು ಒಳಗಿನ ಜಗಳಕ್ಕಿರಲಿ, ಕಿಟಕಿಯಲ್ಲಿ ನಿಂತವಳಿಗೆ ಬೇಡ. ಮತ್ತೆ, ಕಟ್ಟುವವರು ಕಟ್ಟುವ ಮುಂಚೆ ಒಂದು ದಿನ ನಮ್ಮ ಸ್ಟಾಫ್ ರೂಮಿನಲ್ಲಿ, ನಿಧಾನವಾದ ಇಂಟರ್ನೆಟ್ಟಿನಲ್ಲಿ, ಕರೆಂಟು ಹೋಗಿ ಬರುವ ಮಳೆಗಾಲದಲ್ಲಿ ಕೂತು ಹತ್ತು ಅರ್ಜಿ ತುಂಬಲಿ. ಚಹಾ ನಾನೇ ಮಾಡಿಕೊಡುತ್ತೇನೆ.

ಆ ಹುಡುಗಿಯ ವಿಷಯ ಹೇಳದೆ ಮುಗಿಸಲಾರೆ. ನಾವು ಶಿಕ್ಷಕರೆಲ್ಲ ಸೇರಿ ಕೈಲಾದಷ್ಟು ಹಣ ಹಾಕಿ ಅವಳಿಗೆ ಕೊಟ್ಟೆವು. ತೆಗೆದುಕೊಂಡಳು. ಹತ್ತನೇ ಇಯತ್ತೆ ಪಾಸೂ ಆದಳು, ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಎಲ್ಲ ಸುಖಾಂತ್ಯವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಿದ್ಯಾರ್ಥಿವೇತನ ಅವಳ ಹಕ್ಕಾಗಿತ್ತು. ನಾವು ಕೊಟ್ಟದ್ದು ದಾನ. ದಾನವನ್ನು ಅವಳು ತಲೆ ತಗ್ಗಿಸಿ ತೆಗೆದುಕೊಂಡಳು. ಆ ರಾತ್ರಿ ಅರ್ಜಿ ಹೋಗಿದ್ದರೆ ತಲೆ ಎತ್ತಿಯೇ ತೆಗೆದುಕೊಳ್ಳುತ್ತಿದ್ದಳು.

ಅಕ್ಕತಂಗಿಯರೇ, ಇನ್ನು ಯಾರಾದರೂ ನಿಮಗೆ 'ಇದು ಟೆಕ್ನಿಕಲ್' ಎಂದರೆ ಫೋನು ಇಡಬೇಡಿ. "ಅಡ್ಡಿಯಿಲ್ಲ, ನಿಧಾನಕ್ಕೆ ಹೇಳಪ್ಪ, ನನಗೆ ಹೊತ್ತಿದೆ" ಎನ್ನಿ. ಒಲೆ ಒಡೆಯುವುದು, ಕೂಡಿಸುವುದು, ಒಬ್ಬರ ಮನೆಯ ಬೆಂಕಿ ಇನ್ನೊಬ್ಬರ ಸೂರಿಗೆ ತಾಗದಂತೆ ನೋಡಿಕೊಳ್ಳುವುದು, ಇದೆಲ್ಲ ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.